ನಿಲ್ಲಿಸು ಬಟನ್ ಒತ್ತಿದರೂ ಬಾಟ್ ಬಾಯಿ ಮುಚ್ಚುತ್ತಿಲ್ಲ (ಜಾವಾ, ವೆಬ್‌ಸಾಕೆಟ್)

ಸ್ಟಾರ್ಟರ್_ಹುಬ್ಬಳ್ಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದೇ ಕೋಡಿನ ಸುತ್ತ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದೇನೆ. ಇನ್ನು ನನ್ನ ಕೈಲಿ ಆಗಲ್ಲ ಅನಿಸಿ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ಹುಬ್ಬಳ್ಳಿಯಲ್ಲಿ ಐದು ಜನರ ಸಣ್ಣ ಆಫೀಸು. ಪಂಪ್‌ಸೆಟ್ ಸ್ಟಾರ್ಟರ್ ಮಾಡುವವರಿಗೆ ಒಂದು ಕನ್ನಡ ಚಾಟ್‌ಬಾಟ್ ಮಾಡಿಕೊಡುತ್ತಿದ್ದೇವೆ. ರೈತರು ಹೊಲದಲ್ಲೇ ನಿಂತು ಮೊಬೈಲಿನಲ್ಲಿ ಕೇಳುತ್ತಾರೆ: ಮೋಟರ್ ಎತ್ತುತ್ತಿಲ್ಲ, ಕೆಂಪು ಲೈಟು ಉರೀತಿದೆ, ಏನು ಮಾಡಲಿ? ಉತ್ತರ ಒಂದೇ ಸಲ ದೊಪ್ಪನೆ ಬೀಳಬಾರದು, ಟೈಪ್ ಆಗುತ್ತಾ ಬರಬೇಕು ಅಂತ ಅವರ ಬೇಡಿಕೆ. ಅದಕ್ಕೇ ವೆಬ್‌ಸಾಕೆಟ್ ಹಿಡಿದೆ, ಅಂದರೆ ಬ್ರೌಸರ್ ಮತ್ತು ಸರ್ವರ್ ಎರಡೂ ಕಡೆಯಿಂದ ಮಾತಾಡುವ, ಮುಚ್ಚದೆ ಇಟ್ಟ ಕನೆಕ್ಷನ್.

ಜಾವಾ 21, ಸ್ಪ್ರಿಂಗ್ ಬೂಟ್ 3, ಅದರ ಒಳಗಿನದ್ದೇ ವೆಬ್ ಸರ್ವರ್ ಟಾಮ್‌ಕ್ಯಾಟ್, ಅದರ ಮುಂದೆ ಬಾಗಿಲು ಕಾಯುವ ಪ್ರಾಕ್ಸಿ ಎಂಜಿನ್‌ಎಕ್ಸ್. ಟೆಕ್ಸ್ಟ್‌ವೆಬ್‌ಸಾಕೆಟ್‌ಹ್ಯಾಂಡ್ಲರ್ ಕ್ಲಾಸನ್ನು ವಿಸ್ತರಿಸಿದ್ದೇನೆ. ಮೆಸೇಜ್ ಬಂದ ಕೂಡಲೇ ಅದೇ ಮೆಥಡ್‌ನಲ್ಲಿ ಹಳೇ ಮಾತುಕತೆ ಜೋಡಿಸಿ, ಜಾವಾದ್ದೇ ಎಚ್‌ಟಿಟಿಪಿ ಕ್ಲೈಂಟ್‌ನಿಂದ ಎಐ ಕಂಪನಿಯ ಎಪಿಐ (ಹೊರಗಿನ ಪ್ರೋಗ್ರಾಮುಗಳಿಗೆ ಇಟ್ಟಿರುವ ಬಾಗಿಲು) ಕರೆಯುತ್ತೇನೆ. ಅಲ್ಲಿಂದ ಉತ್ತರ ತುಂಡು ತುಂಡಾಗಿ ಬರುತ್ತದೆ, ಬಂದ ಹಾಗೆ ಬ್ರೌಸರಿಗೆ ಕಳಿಸುತ್ತೇನೆ. ಲ್ಯಾಪ್‌ಟಾಪ್‌ನಲ್ಲಿ ಬೆಣ್ಣೆಯಂತೆ ಓಡಿತು. ಸರ್ವರಿಗೆ ಹಾಕಿದ ಮೇಲೆ ಶುರುವಾಯಿತು ನೋಡಿ.

ಮೊದಲನೆಯದು ನಿಲ್ಲಿಸು ಬಟನ್. ಅದನ್ನು ಒತ್ತಿದರೆ ಅದೇ ಸಾಕೆಟ್‌ನಲ್ಲಿ "ನಿಲ್ಲಿಸು" ಅಂತ ಒಂದು ಮೆಸೇಜ್ ಹೋಗುತ್ತದೆ. ಆದರೆ ಬಾಟ್ ತನ್ನ ಪಾಡಿಗೆ ತಾನು ಪೂರ್ತಿ ಉತ್ತರ ಒದರಿ ಮುಗಿಸಿದ ಮೇಲೇ ನಿಲ್ಲುತ್ತದೆ. ಗ್ರಾಹಕರ ಮುಂದೆ ಡೆಮೊ ಕೊಡುವಾಗ ಅವರು ಕೇಳಿದ್ದು ಇಷ್ಟೇ, ಸ್ಟಾರ್ಟರ್ ಕೆಂಪು ಲೈಟ್ ಯಾಕೆ ಅಂತ. ನಮ್ಮ ಬಾಟ್ ತ್ರೀ ಫೇಸ್ ಕರೆಂಟ್ ಅಂದರೇನು ಅನ್ನುವಲ್ಲಿಂದ ಹಿಡಿಯಿತು. ಅವರು ನಿಲ್ಲಿಸು ಒತ್ತಿದರು. ಮತ್ತೆ ಒತ್ತಿದರು. ಎಂಟು ಸಲ ಒತ್ತಿದರು, ನಾನು ಎಣಿಸಿದೆ. ಅದು ಸಿಂಗಲ್ ಫೇಸ್ ಪ್ರಿವೆಂಟರ್ ತನಕ ಹೇಳಿಯೇ ಬಿಟ್ಟಿತು.

ಎರಡನೆಯದು, ಒಂದು ನಿಮಿಷ ಯಾರೂ ಮಾತಾಡದಿದ್ದರೆ ಕನೆಕ್ಷನ್ ಕಟ್, ಕೋಡ್ 1006. ಇದಕ್ಕೆ ಎಲ್ಲೋ ಓದಿ 30 ಸೆಕೆಂಡಿಗೊಮ್ಮೆ ಸರ್ವರಿನಿಂದ "ಪಿಂಗ್" ಅಂತ ಒಂದು ಟೆಕ್ಸ್ಟ್ ಮೆಸೇಜ್ ಹೋಗುವ ಹಾಗೆ ಒಂದು ಶೆಡ್ಯೂಲ್ಡ್ ಮೆಥಡ್ ಹಾಕಿದೆ. ಕಟ್ ಆಗುವುದು ನಿಂತಿತು. ಆದರೆ ಅವತ್ತಿನಿಂದ ಆಗಾಗ ಇಲ್ಲೀಗಲ್ ಸ್ಟೇಟ್ ಎಕ್ಸೆಪ್ಶನ್ ಬರುತ್ತಿದೆ, ರಿಮೋಟ್ ಎಂಡ್‌ಪಾಯಿಂಟ್ "ಟೆಕ್ಸ್ಟ್ ಪಾರ್ಶಿಯಲ್ ರೈಟಿಂಗ್" ಸ್ಥಿತಿಯಲ್ಲಿದೆ ಅನ್ನುತ್ತದೆ. ಅದಕ್ಕೆ ಕಾನ್‌ಕರೆಂಟ್ ವೆಬ್‌ಸಾಕೆಟ್ ಸೆಷನ್ ಡೆಕೊರೇಟರ್ (ಸೆಷನ್, ಅಂದರೆ ಒಂದು ಕನೆಕ್ಷನ್ನಿನ ಮೇಲೆ ಸುತ್ತುವ ಹೊದಿಕೆ) ಬಳಸಿ ಅಂತ ಎಲ್ಲರೂ ಹೇಳುತ್ತಾರೆ. ಬಳಸಿದೆ. ಆದರೂ ಬರುತ್ತಿದೆ!

ಕೊನೆಯದು, ಕನ್ನಡ ಅಕ್ಷರದ ಮಧ್ಯೆ ಅಲ್ಲಲ್ಲಿ ಕಪ್ಪು ಡೈಮಂಡಿನೊಳಗೆ ಪ್ರಶ್ನೆ ಚಿಹ್ನೆ. ಇಂಗ್ಲಿಷ್ ಉತ್ತರದಲ್ಲಿ ಒಂದು ಸಲವೂ ಬಂದಿಲ್ಲ.

ವರ್ಚುವಲ್ ಥ್ರೆಡ್ (ಜಾವಾದ ಹಗುರ ಥ್ರೆಡ್, ಅಂದರೆ ಕೆಲಸ ಓಡಿಸುವ ಎಳೆ) ಆನ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂತ ಗೆಳೆಯ ಹೇಳಿದ. ಪ್ರಾಪರ್ಟೀಸ್ ಫೈಲಿನಲ್ಲಿ ಒಂದು ಸಾಲು ಹಾಕಿ ನೋಡಿದೆ. ಏನೂ ಬದಲಾಗಲಿಲ್ಲ.

ಎಲ್ಲಿ ಎಡವಿದ್ದೇನೆ?


ಸರಳ_ಮಾರ್ಗ:

ಸುಮ್ನೆ ಕೇಳ್ತೀನಿ, ವೆಬ್‌ಸಾಕೆಟ್ ಯಾಕೆ ಬೇಕಿತ್ತು? ರೈತ ಒಂದು ಪ್ರಶ್ನೆ ಕೇಳುತ್ತಾನೆ, ಸರ್ವರ್ ಉದ್ದಕ್ಕೆ ಉತ್ತರ ಕೊಡುತ್ತದೆ. ಇದು ಒಂದೇ ದಿಕ್ಕಿನ ಹರಿವು. ಇದಕ್ಕೆ ಎಸ್‌ಎಸ್‌ಇ ಸಾಕು, ಅಂದರೆ ಸಾದಾ ಎಚ್‌ಟಿಟಿಪಿ ಉತ್ತರವನ್ನೇ ಮುಚ್ಚದೆ ತುಂಡು ತುಂಡಾಗಿ ಕಳಿಸುವುದು. ನೀವು ಕರೆಯುವ ಎಐ ಎಪಿಐ ಕೂಡ ನಿಮಗೆ ಹಾಗೇ ಕಳಿಸುತ್ತಿರುತ್ತದೆ, ಪ್ರತಿ ಸಾಲು "ಡೇಟಾ" ಅಂತ ಶುರುವಾಗುತ್ತದೆ ಅಲ್ವಾ, ಅದೇ. ಕನೆಕ್ಷನ್ ಕಟ್ ಆದರೆ ಬ್ರೌಸರಿನ ಈವೆಂಟ್‌ಸೋರ್ಸ್ ತಾನೇ ಮತ್ತೆ ಸೇರಿಕೊಳ್ಳುತ್ತದೆ. ವೆಬ್‌ಸಾಕೆಟ್‌ನಲ್ಲಿ ಅದನ್ನೂ ನೀವೇ ಬರೆಯಬೇಕು.

ಸೊಳ್ಳೆ ಹೊಡೆಯಲು ಕೊಡಲಿ ತಂದಿದ್ದೀರಿ ಅನ್ನುವುದು ನನ್ನ ಅಭಿಪ್ರಾಯ. ಎಸ್‌ಎಸ್‌ಇ ಎಮಿಟರ್‌ಗೆ ಬದಲಾಯಿಸಿ, ನಿಲ್ಲಿಸಲು ಒಂದು ಬೇರೆ ಪೋಸ್ಟ್ ರಿಕ್ವೆಸ್ಟ್ ಇಡಿ. ಟೈಮ್‌ಔಟ್ ಮಾತ್ರ ನೀವೇ ಕೊಡಿ, ಬಿಟ್ಟರೆ ಟಾಮ್‌ಕ್ಯಾಟ್ 30 ಸೆಕೆಂಡಿಗೆ ಮುಗಿಸಿಬಿಡುತ್ತದೆ.


ಹಳೇ_ಟಾಮ್‌ಕ್ಯಾಟ್:

ಸರಳ_ಮಾರ್ಗ ಹೇಳಿದ್ದರಲ್ಲಿ ಸತ್ಯ ಇದೆ, ಹೊಸದಾಗಿ ಶುರು ಮಾಡುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಇವರು ಬರೆದು ಮುಗಿಸಿದ್ದಾರೆ. ಮೇಲಾಗಿ ಎಸ್‌ಎಸ್‌ಇಯಲ್ಲೂ ಒಂದು ಗಂಟು ಇದೆ. ಸರ್ವರ್ ಎರಡಾದ ದಿನ ನಿಲ್ಲಿಸು ಅನ್ನುವ ಪೋಸ್ಟ್ ಯಾವ ಸರ್ವರಿಗೆ ಹೋಗುತ್ತದೋ ದೇವರಿಗೇ ಗೊತ್ತು. ಉತ್ತರ ಓಡುತ್ತಿರುವುದು ಮೊದಲನೆಯದರಲ್ಲಿ, ಪೋಸ್ಟ್ ಬಿದ್ದಿದ್ದು ಎರಡನೆಯದರಲ್ಲಿ. ಆಗ ನಡುವೆ ಎಲ್ಲ ಸರ್ವರುಗಳೂ ನೋಡುವ ರೆಡಿಸ್ ಅನ್ನುವ ಡೇಟಾ ಸ್ಟೋರ್ ತಂದು ಒಬ್ಬರಿಗೊಬ್ಬರು ಕೂಗಿ ಹೇಳುವ ಏರ್ಪಾಡು ಮಾಡಬೇಕು. ವೆಬ್‌ಸಾಕೆಟ್‌ನಲ್ಲಿ ಆ ತಲೆನೋವಿಲ್ಲ, ನಿಲ್ಲಿಸು ಅದೇ ತಂತಿಯಲ್ಲಿ ಬರುತ್ತದೆ.

ಬರುತ್ತದೆ, ಆದರೆ ಕೇಳಿಸಿಕೊಳ್ಳುವವರು ಯಾರು? ನಿಮ್ಮ ತೊಂದರೆ ಇಲ್ಲೇ ಇದೆ.

ನಿಮ್ಮ ಹ್ಯಾಂಡಲ್ ಮೆಥಡ್ 20 ಸೆಕೆಂಡ್ ಎಐ ಉತ್ತರ ಓದುತ್ತಾ ಕೂತಿದೆ. ಅದು ವಾಪಸ್ ಬರುವ ತನಕ ಟಾಮ್‌ಕ್ಯಾಟ್ ಆ ಸಾಕೆಟ್‌ನಿಂದ ಮುಂದಿನ ಮೆಸೇಜ್ ಎತ್ತಿ ನಿಮಗೆ ಕೊಡುವುದಿಲ್ಲ. ಒಂದು ಸೆಷನ್ನಿನ ಮೆಸೇಜುಗಳು ಸಾಲಾಗಿ, ಒಂದರ ಹಿಂದೆ ಒಂದು. ಡೆಮೊದಲ್ಲಿ ಒತ್ತಿದ ಎಂಟೂ "ನಿಲ್ಲಿಸು" ಸರ್ವರಿಗೆ ಬಂದು ಬಾಗಿಲಲ್ಲಿ ನಿಂತಿದ್ದವು. ಫೋನಿನಲ್ಲಿ ಕೆಲವರು ರಿಸೀವರನ್ನು ಕಿವಿಯಿಂದ ದೂರ ಹಿಡಿದು ತಾವೇ ಮಾತಾಡುತ್ತಾರಲ್ಲ, ನಿಮ್ಮ ಬಾಟ್ ಆ ಜಾತಿ. ಬೇಕಾದರೆ ಮೆಥಡ್‌ನ ಮೊದಲ ಸಾಲಿನಲ್ಲೇ ಸಮಯದ ಜೊತೆ ಒಂದು ಲಾಗ್ ಹಾಕಿ ನೋಡಿ. ಉತ್ತರದ ಕೊನೆಯ ತುಂಡು ಹೋದ ಮರುಕ್ಷಣ ಎಂಟೂ ಒಟ್ಟಿಗೆ ಬಂದು ಬೀಳುತ್ತವೆ.

ವರ್ಚುವಲ್ ಥ್ರೆಡ್ ಯಾಕೆ ಉಪಯೋಗಕ್ಕೆ ಬರಲಿಲ್ಲ ಅನ್ನುವುದೂ ಇದರಿಂದಲೇ ತಿಳಿಯುತ್ತದೆ. ಥ್ರೆಡ್ ಸಾಲದೆ ಹೀಗಾಗಿದ್ದರೆ ಅದು ಪರಿಹಾರ. ಟಾಮ್‌ಕ್ಯಾಟ್‌ನಲ್ಲಿ ಹೇಳದೇ ಬಿಟ್ಟರೂ 200 ಥ್ರೆಡ್ ಇರುತ್ತವೆ, ನಿಮ್ಮ ಡೆಮೊದಲ್ಲಿ ಇದ್ದದ್ದು ಒಬ್ಬರೇ. ನಿಮಗೆ ಕೊರತೆ ಇರುವುದು ಥ್ರೆಡ್ಡಿಗಲ್ಲ. ಒಂದು ಸಾಕೆಟ್ಟಿನ ಸರದಿ ಕಾಯುವುದು ಯಾವ ಜಾತಿಯ ಥ್ರೆಡ್ ಹಾಕಿದರೂ ಬದಲಾಗಲ್ಲ.

ಹಾಗಾಗಿ ಹ್ಯಾಂಡಲ್ ಮೆಥಡ್ ಎರಡೇ ಕೆಲಸ ಮಾಡಲಿ. ಬಂದಿದ್ದು ಪ್ರಶ್ನೆಯಾದರೆ ಕೆಲಸವನ್ನು ಬೇರೆ ಥ್ರೆಡ್‌ನಲ್ಲಿ ಓಡಿಸುವ ಎಕ್ಸಿಕ್ಯೂಟರಿಗೆ ಒಪ್ಪಿಸಿ ತಕ್ಷಣ ವಾಪಸ್ ಬರಲಿ. ಬಂದಿದ್ದು ನಿಲ್ಲಿಸು ಆದರೆ ಓಡುತ್ತಿರುವ ಕೆಲಸವನ್ನು ಹುಡುಕಿ ಕತ್ತು ಹಿಡಿಯಲಿ. ನಿಮ್ಮ ವರ್ಚುವಲ್ ಥ್ರೆಡ್ ಇಲ್ಲಿ ಚೆನ್ನಾಗಿ ಒದಗುತ್ತದೆ: ಪ್ರತಿ ಪ್ರಶ್ನೆಗೂ ಒಂದು, ಪೂಲ್ ಗಾತ್ರದ ಲೆಕ್ಕಾಚಾರ ಇಲ್ಲ. ಜಾವಾ 21ರಲ್ಲಿ ಅದಕ್ಕೇ ತಯಾರಾದ ಎಕ್ಸಿಕ್ಯೂಟರ್ ಇದೆ. ಯಾವ ಸೆಷನ್ನಿಗೆ ಯಾವ ಕೆಲಸ ಅಂತ ಒಂದು ಕಾನ್‌ಕರೆಂಟ್ ಹ್ಯಾಶ್‌ಮ್ಯಾಪ್‌ನಲ್ಲಿ ಇಟ್ಟುಕೊಳ್ಳಿ. ಹಳೇ ಪ್ರಶ್ನೆ ಓಡುತ್ತಿರುವಾಗಲೇ ಹೊಸ ಪ್ರಶ್ನೆ ಬಂದರೆ? ಮೊದಲು ಅದು ಆಗುತ್ತಲೇ ಇರಲಿಲ್ಲ, ಈಗ ಆಗುತ್ತದೆ. ಹಳೆಯದನ್ನು ನಿಲ್ಲಿಸಿ ಹೊಸದನ್ನು ಹಿಡಿಯಿರಿ, ಇಲ್ಲಾಂದ್ರೆ ಎರಡು ಉತ್ತರ ಒಂದರೊಳಗೊಂದು ಹೆಣೆದುಕೊಂಡು ಬರುತ್ತವೆ. ನೋಡಲು ತಮಾಷೆಯಾಗಿರುತ್ತದೆ, ಗ್ರಾಹಕರಿಗಲ್ಲ.

ಈಗ ಎಕ್ಸೆಪ್ಶನ್. ಪಿಂಗ್ ಹಾಕಿದ ದಿನದಿಂದ ಶುರುವಾಯಿತು ಅಂತ ನೀವೇ ಹೇಳಿದ್ದೀರಿ, ಕಾರಣ ಅದೇ. ಉತ್ತರ ಕಳಿಸುವುದು ಒಂದು ಥ್ರೆಡ್, ಪಿಂಗ್ ಕಳಿಸುವುದು ಶೆಡ್ಯೂಲರಿನ ಇನ್ನೊಂದು ಥ್ರೆಡ್. ಇಬ್ಬರೂ ಒಂದೇ ಸಲ ಬರೆಯಲು ಹೋದರೆ ಟಾಮ್‌ಕ್ಯಾಟ್ ಜಗಳ ತೆಗೆಯುತ್ತದೆ. ಡೆಕೊರೇಟರ್ ಇರುವುದು ಇದಕ್ಕೇ, ಇಬ್ಬರನ್ನೂ ಒಂದು ಸಾಲಿನಲ್ಲಿ ನಿಲ್ಲಿಸುತ್ತದೆ. ನಿಮಗೆ ಯಾಕೆ ಕೆಲಸ ಮಾಡಲಿಲ್ಲ? ಕೋಡ್ ನೋಡದೆ ಪಂದ್ಯ ಕಟ್ಟುತ್ತೇನೆ: ಪ್ರತಿ ಮೆಸೇಜಿಗೂ ಹೊಸ ಡೆಕೊರೇಟರ್ ಸುತ್ತಿದ್ದೀರಿ. ಹೌದಾ? ಪ್ರತಿ ಸಲ ಹೊಸದು ಅಂದರೆ ಪ್ರತಿ ಸಲ ಹೊಸ ಬೀಗ. ಒಂದೇ ಮನೆಗೆ ಹತ್ತು ಬಾಗಿಲು ಮಾಡಿ ಹತ್ತಕ್ಕೂ ಬೇರೆ ಬೇರೆ ಬೀಗ ಹಾಕಿದರೆ ಯಾರನ್ನು ತಡೆದ ಹಾಗಾಯಿತು? ಕನೆಕ್ಷನ್ ಕೂಡಿದಾಗ ಒಂದೇ ಸಲ ಸುತ್ತಿ ಮ್ಯಾಪ್‌ನಲ್ಲಿಡಿ. ಆಮೇಲೆ ಉತ್ತರ, ಪಿಂಗ್ ಎಲ್ಲವೂ ಅದರ ಮೂಲಕವೇ ಹೋಗಲಿ. ಹ್ಯಾಂಡಲ್ ಮೆಥಡ್‌ಗೆ ಸ್ಪ್ರಿಂಗ್ ಕೊಡುವ ಸೆಷನ್ ಬರೀ ಮೈಯದು, ಅದರ ಮೇಲೆ ನೇರವಾಗಿ ಕಳಿಸಬೇಡಿ. ಈ ತಪ್ಪು ನಾನೂ ಮಾಡಿದ್ದೇನೆ, ಒಂದು ಶನಿವಾರ ಪೂರ್ತಿ ಅದಕ್ಕೇ ಹೋಯಿತು.

ಡೆಕೊರೇಟರಿಗೆ ಎರಡು ಮಿತಿ ಕೊಡಬೇಕು, ಕಳಿಸಲು ಎಷ್ಟು ಮಿಲಿಸೆಕೆಂಡ್ ಮತ್ತು ಎಷ್ಟು ಬೈಟ್ ಕಾಯಿಸಿಡಬಹುದು ಅಂತ. ನೆಟ್‌ವರ್ಕ್ ಕುಂಟುವ ಮೊಬೈಲ್ ಇದ್ದರೆ ತುಂಡುಗಳು ಅಲ್ಲಿ ಗುಡ್ಡೆ ಬೀಳುತ್ತವೆ. ಮಿತಿ ದಾಟಿದರೆ ಸೆಷನ್ ಮುಚ್ಚುತ್ತದೆ. ಕನ್ನಡದ ಒಂದೊಂದು ಚಿಹ್ನೆ ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್ ಮಾಡಿಡುವ ಪದ್ಧತಿ) 3 ಬೈಟ್ ಅನ್ನುವುದು ನೆನಪಿರಲಿ, ಇಂಗ್ಲಿಷ್ ಲೆಕ್ಕದಲ್ಲಿ ಮಿತಿ ಇಡಬೇಡಿ.

1006ರ ಕಥೆ ಚಿಕ್ಕದು. ಎಂಜಿನ್‌ಎಕ್ಸ್‌ನ ಪ್ರಾಕ್ಸಿ ರೀಡ್ ಟೈಮ್‌ಔಟ್ ಹೇಳದೇ ಬಿಟ್ಟರೆ 60 ಸೆಕೆಂಡ್. ಅಷ್ಟು ಹೊತ್ತು ಸರ್ವರ್ ಕಡೆಯಿಂದ ಏನೂ ಬರದಿದ್ದರೆ ಅದು ತಂತಿ ಕತ್ತರಿಸುತ್ತದೆ. ಮುಚ್ಚುತ್ತಿದ್ದೇನೆ ಅಂತ ಹೇಳುವ ಕ್ಲೋಸ್ ಫ್ರೇಮ್ ಬರಲೇ ಇಲ್ಲವಲ್ಲ, ಅದಕ್ಕೆ ಬ್ರೌಸರ್ ತಾನೇ 1006 ಅಂತ ಬರೆದುಕೊಳ್ಳುತ್ತದೆ. ಆ ಕೋಡನ್ನು ಯಾರೂ ತಂತಿಯಲ್ಲಿ ಕಳಿಸುವುದೇ ಇಲ್ಲ. ಆ ಟೈಮ್‌ಔಟ್ ನೋಡುವುದು ಸರ್ವರ್ ಕಡೆಯಿಂದ ಏನಾದರೂ ಬಂತಾ ಅಂತ, ಹಾಗಾಗಿ ಸರ್ವರ್ ಕಡೆಯಿಂದ ಪಿಂಗ್ ಹಾಕಿದ್ದು ಸರಿಯಾಗಿದೆ. ಅದನ್ನು ಮುಟ್ಟಬೇಡಿ.


ಒತ್ತಕ್ಷರ:

ಕಪ್ಪು ಡೈಮಂಡ್ ನನ್ನ ಪಾಲಿಗೆ ಬಿಡಿ, ಇದರಲ್ಲಿ ನಾನು ಬೇಕಾದಷ್ಟು ಪೆಟ್ಟು ತಿಂದಿದ್ದೇನೆ.

ನೀವು ಎಪಿಐಯಿಂದ ಬೈಟ್‌ಗಳನ್ನು ಒಂದು ಅರೇಯಲ್ಲಿ ಓದಿ, ಬಂದಷ್ಟನ್ನು ನೇರ ಸ್ಟ್ರಿಂಗ್ ಮಾಡುತ್ತಿದ್ದೀರಿ ಅಂತ ಕಾಣುತ್ತದೆ. "ಬೆಂಗಳೂರು" ತೆಗೆದುಕೊಳ್ಳಿ. ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ ಬ, ಎತ್ವ, ಸೊನ್ನೆ, ಗ, ಳ, ಊಕಾರದ ಕೊಂಬು, ರ, ಉಕಾರದ ಕೊಂಬು ಅಂತ 8 ಚಿಹ್ನೆ. ಯುಟಿಎಫ್-8ರಲ್ಲಿ 24 ಬೈಟ್. ನೆಟ್‌ವರ್ಕಿನ ತುಂಡು 10ನೇ ಬೈಟಿಗೆ ಮುಗಿದರೆ ಗ ಅನ್ನುವ ಅಕ್ಷರದ ಮೂರನೇ ಒಂದು ಭಾಗ ಈಚೆ, ಉಳಿದದ್ದು ಆಚೆ. ಈಚೆಯದನ್ನು ಸ್ಟ್ರಿಂಗ್ ಮಾಡಿದರೆ ಜಾವಾ ಪಾಪ ಏನು ಮಾಡುತ್ತದೆ, ಅರ್ಥವಾಗಲಿಲ್ಲ ಅಂತ ಡೈಮಂಡ್ ಇಡುತ್ತದೆ. ಆಚೆಯ ತುಂಡಿಗೂ ಅದೇ ಗತಿ. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್, ಎಲ್ಲಿ ಕತ್ತರಿಸಿದರೂ ಗಾಯ ಆಗಲ್ಲ. ಅದಕ್ಕೇ ಇಂಗ್ಲಿಷ್ ಉತ್ತರದಲ್ಲಿ ನಿಮಗೆ ಸಿಗಲಿಲ್ಲ, ಇಂಗ್ಲಿಷಿನಲ್ಲೇ ಟೆಸ್ಟ್ ಮಾಡುವ ಯಾರಿಗೂ ಸಿಗಲ್ಲ.

ಪರಿಹಾರ ಸುಲಭ. ಬೈಟ್ ಅರೇ ಬಿಡಿ. ಇನ್‌ಪುಟ್ ಸ್ಟ್ರೀಮ್ ರೀಡರ್ ಮೇಲೆ ಬಫರ್ಡ್ ರೀಡರ್ ಹಾಕಿ, ಯುಟಿಎಫ್-8 ಅಂತ ಬಾಯಿಬಿಟ್ಟು ಹೇಳಿ, ಸಾಲು ಸಾಲಾಗಿ ಓದಿ. ಅರ್ಧ ಬಂದ ಅಕ್ಷರವನ್ನು ರೀಡರ್ ತಾನೇ ಹಿಡಿದಿಟ್ಟುಕೊಂಡು ಉಳಿದದ್ದು ಬಂದಾಗ ಸೇರಿಸುತ್ತದೆ. ಜಾವಾ 18ರಿಂದ ಈಚೆಗೆ ಹೇಳದಿದ್ದರೂ ಯುಟಿಎಫ್-8 ಅಂತಲೇ ಹಿಡಿಯುತ್ತದೆ, ಆದರೆ ಯಾವನೋ ಹಳೇ ಜಾವಾ ಇರುವ ವಿಂಡೋಸ್ ಮಷಿನ್‌ನಲ್ಲಿ ಓಡಿಸಿದ ದಿನ ನನ್ನ ಮಾತು ನೆನಪಾಗುತ್ತದೆ.

ಇನ್ನೊಂದು ಸೂಕ್ಷ್ಮ, ಇದನ್ನು ಯಾವ ಇಂಗ್ಲಿಷ್ ಟ್ಯುಟೋರಿಯಲ್ಲೂ ಹೇಳಲ್ಲ. ಬೈಟ್ ಸರಿಯಾದರೂ ಒತ್ತಕ್ಷರ ಒಡೆಯುತ್ತದೆ. ಎಐ ಮಾಡೆಲ್‌ಗಳು ಕನ್ನಡ ಪದವನ್ನು ಇಂಗ್ಲಿಷಿಗಿಂತ ಜಾಸ್ತಿ ತುಂಡು ಮಾಡುತ್ತವೆ, ತುಂಡು ಎಲ್ಲಿ ಬೀಳುತ್ತದೆ ಅನ್ನುವುದಕ್ಕೆ ನಮ್ಮ ವ್ಯಾಕರಣದ ಹಂಗಿಲ್ಲ. "ಪರೀಕ್ಷಿಸಿ" ಅನ್ನುವುದು ಮೊದಲು "ಪರೀಕ್" ಅಂತ ಬಂದು ಅರ್ಧ ಸೆಕೆಂಡ್ ನಿಲ್ಲುತ್ತದೆ, ಆಮೇಲೆ "ಷಿಸಿ" ಬಂದಾಗ ಪಟಕ್ಕನೆ ಆಕಾರ ಬದಲಾಗುತ್ತದೆ. ತೆರೆಯ ಮೇಲೆ ಅಕ್ಷರ ಕುಣಿದ ಹಾಗೆ ಕಾಣುತ್ತದೆ. ಓದಲು ನಿಧಾನ ಇರುವವರಿಗೆ ಇದು ನಿಜಕ್ಕೂ ಹಿಂಸೆ.

ತುಂಡಿನ ಕೊನೆಗೆ ಹಲಂತ (ಕ್ ಅನ್ನುವಲ್ಲಿ ಇರುವ ಅರ್ಧಾಕ್ಷರದ ಗುರುತು) ಇದೆಯಾ ಅಂತ ಮೊದಲು ನಾನು ನೋಡುತ್ತಿದ್ದೆ. ಸಾಲದು. ಕೆಲವು ಸಲ "ಕ" ಒಂದು ತುಂಡಿನಲ್ಲಿ, ಹಲಂತ ಮುಂದಿನ ತುಂಡಿನಲ್ಲಿ ಬರುತ್ತದೆ. ಕೊನೆಗೆ ಸರಳ ಮಾಡಿದೆ: ಸರ್ವರಿನಲ್ಲೇ ಕೂಡಿಟ್ಟು, ಖಾಲಿ ಜಾಗ ಅಥವಾ ಹೊಸ ಸಾಲು ಕಂಡಾಗ ಮಾತ್ರ ಅಲ್ಲಿಯ ತನಕದ್ದನ್ನು ಕಳಿಸು. ಪದ ಪೂರ್ತಿಯಾಗಿ ಬರುತ್ತದೆ, ಕಳಿಸುವ ಫ್ರೇಮ್‌ಗಳೂ ಕಡಿಮೆಯಾಗುತ್ತವೆ. ಉತ್ತರ ಮುಗಿದಾಗ ಉಳಿದ ಬಾಲವನ್ನು ಕಳಿಸಲು ಮರೆಯಬೇಡಿ. ನಾನು ಮರೆತಿದ್ದೆ, ನಮ್ಮ ಬಾಟ್ ಒಂದು ವಾರ ಪ್ರತಿ ಉತ್ತರದ ಕೊನೆಯ ಪದ ನುಂಗುತ್ತಿತ್ತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ಅಲ್ವಾ, "ಸ್ವಿಚ್ ಆಫ್ ಮಾಡಿ ಆಮೇಲೆ ವೈರ್" ಅಂತ ಹೇಳಿ ಸುಮ್ಮನಾಗುತ್ತಿತ್ತು. ವೈರ್ ಏನು ಮಾಡಬೇಕು, ಮುಟ್ಟಬೇಕಾ ಬೇಡವಾ?


ಸ್ಟಾರ್ಟರ್_ಹುಬ್ಬಳ್ಳಿ:

ಹಳೇ_ಟಾಮ್‌ಕ್ಯಾಟ್ ಅವರೇ, ಪಂದ್ಯ ನೀವೇ ಗೆದ್ದಿರಿ. ಪ್ರತಿ ಮೆಸೇಜಿಗೂ ಹೊಸ ಡೆಕೊರೇಟರ್ ಸುತ್ತಿದ್ದೆ. ನಾಚಿಕೆಯಾಯಿತು. ಈಗ ಕೂಡುವಾಗ ಒಂದೇ ಸಲ ಸುತ್ತಿ ಮ್ಯಾಪ್‌ನಲ್ಲಿಟ್ಟಿದ್ದೇನೆ, ನಿನ್ನೆ ಬೆಳಗ್ಗೆಯಿಂದ ಒಂದೂ ಎಕ್ಸೆಪ್ಶನ್ ಇಲ್ಲ. ಲಾಗ್ ಕೂಡ ಹಾಕಿ ನೋಡಿದೆ, ನೀವು ಹೇಳಿದ ಹಾಗೇ "ನಿಲ್ಲಿಸು"ಗಳೆಲ್ಲ ಕೊನೆಗೆ ಒಟ್ಟಿಗೆ ಬಿದ್ದವು. ಒತ್ತಕ್ಷರ ಅವರೇ, ಡೈಮಂಡ್ ಹೋಯಿತು, ಪದಗಳೂ ಪೂರ್ತಿ ಬರುತ್ತಿವೆ.

ನಿಲ್ಲಿಸು ಮಾತ್ರ ಮುಕ್ಕಾಲು ಪಾಲು ಸರಿಯಾಗಿದೆ. ಕೆಲಸವನ್ನು ಬೇರೆ ಥ್ರೆಡ್ಡಿಗೆ ಕೊಟ್ಟೆ. ನಿಲ್ಲಿಸು ಬಂದಾಗ ಹ್ಯಾಂಡ್ಲರ್‌ನಿಂದ ಆ ಬಫರ್ಡ್ ರೀಡರನ್ನು ಕ್ಲೋಸ್ ಮಾಡುತ್ತೇನೆ. ಉತ್ತರ ಹರಿಯುತ್ತಿರುವಾಗ ಒತ್ತಿದರೆ ಸುಮಾರಾಗಿ ತಕ್ಷಣ ನಿಲ್ಲುತ್ತದೆ. ಆದರೆ ಪ್ರಶ್ನೆ ಕಳಿಸಿ, ಮೊದಲ ಪದ ಬರುವ ಮುಂಚೆ, ಆ ಮೂರು ಚುಕ್ಕಿ ಕುಣಿಯುವ ಹೊತ್ತಿನಲ್ಲಿ ಒತ್ತಿದರೆ ಹ್ಯಾಂಡ್ಲರೇ ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲ ಪದ ಬಂದ ಮೇಲೇ ಬಿಡುಗಡೆ. ಕ್ಲೋಸ್ ಮಾಡಲು ಇಷ್ಟು ಹೊತ್ತು ಯಾಕೆ?


ಹಳೇ_ಟಾಮ್‌ಕ್ಯಾಟ್:

ಛೇ, ಇದನ್ನು ನಾನೇ ಮೊದಲೇ ಹೇಳಬೇಕಿತ್ತು.

ಬಫರ್ಡ್ ರೀಡರ್ ಒಳಗೆ ಒಂದು ಬೀಗ ಇದೆ. ಸಾಲು ಓದಲು ಕಾಯುತ್ತಿರುವ ಥ್ರೆಡ್ ಆ ಬೀಗ ಹಿಡಿದೇ ಕಾಯುತ್ತದೆ. ಕ್ಲೋಸ್ ಮಾಡಲೂ ಅದೇ ಬೀಗ ಬೇಕು. ಎಐ ಇನ್ನೂ ಯೋಚಿಸುತ್ತಿದೆ, ಸಾಲು ಬಂದಿಲ್ಲ, ಓದುವವನು ಬೀಗ ಬಿಟ್ಟಿಲ್ಲ. ನಿಮ್ಮ ನಿಲ್ಲಿಸು ಬಾಗಿಲ ಹೊರಗೆ. ಉತ್ತರ ಹರಿಯುವಾಗ ಎರಡು ಸಾಲಿನ ನಡುವೆ ಬೀಗ ಸಿಗುತ್ತದೆ, ಅದಕ್ಕೆ ಆಗ ಕೆಲಸ ಮಾಡಿದ ಹಾಗೆ ಕಾಣುತ್ತದೆ.

ರೀಡರ್ ಮುಚ್ಚಲು ಹೋಗಬೇಡಿ. ಅದರ ಒಳಗಿನ ಇನ್‌ಪುಟ್ ಸ್ಟ್ರೀಮ್ ಇದೆಯಲ್ಲ, ಎಚ್‌ಟಿಟಿಪಿ ಕ್ಲೈಂಟ್ ಕೊಟ್ಟಿದ್ದು, ಅದನ್ನು ನೇರ ಮುಚ್ಚಿ. ಕಾಯುತ್ತಿರುವವನಿಗೆ ತಕ್ಷಣ ಎಚ್ಚರವಾಗುತ್ತದೆ, ಆ ಕಡೆಯ ಕನೆಕ್ಷನ್ನೂ ಬಿಟ್ಟುಹೋಗುತ್ತದೆ. ಇದಕ್ಕಿಂತ ಮುಂಚಿನ ಹಂತ ಒಂದಿದೆ, ಹೆಡರ್ ಕೂಡ ಬಂದಿಲ್ಲ, ಸ್ಟ್ರೀಮ್ ಇನ್ನೂ ಕೈಗೆ ಸಿಕ್ಕಿಲ್ಲ. ಅದಕ್ಕೆ ಎಕ್ಸಿಕ್ಯೂಟರ್ ಕೊಟ್ಟ ಫ್ಯೂಚರನ್ನು (ಒಪ್ಪಿಸಿದ ಕೆಲಸದ ಚೀಟಿ) ಇಂಟರಪ್ಟ್ ಸಮೇತ ಕ್ಯಾನ್ಸಲ್ ಮಾಡಿ. ಎರಡೂ ಮಾಡಿ, ಯಾವ ಹಂತದಲ್ಲಿದ್ದರೂ ನಿಲ್ಲುತ್ತದೆ.

ಬರೀ ಫ್ಲ್ಯಾಗ್ ಇಟ್ಟು, ಬ್ರೌಸರಿಗೆ ಕಳಿಸುವುದನ್ನಷ್ಟೇ ನಿಲ್ಲಿಸಿ, ಹಿಂದೆ ಎಪಿಐಯನ್ನು ಪೂರ್ತಿ ಓದುವವರನ್ನೂ ನೋಡಿದ್ದೇನೆ. ನೋಡಲು ನಿಂತ ಹಾಗೇ ಕಾಣುತ್ತದೆ, ಆದರೆ ಯಾರೂ ಓದದ ಪದಗಳಿಗೆ ಬಿಲ್ ಓಡುತ್ತಿರುತ್ತದೆ.

ನಿಲ್ಲಿಸಿದ ಮೇಲೆ, ಅಲ್ಲಿಯ ತನಕ ತೆರೆಯ ಮೇಲೆ ಬಂದ ಅರ್ಧ ಉತ್ತರವನ್ನು ಮಾತುಕತೆಯ ಇತಿಹಾಸದಲ್ಲಿ ಉಳಿಸಿ. ಮಾಡೆಲ್‌ಗೆ ತನ್ನದೇ ನೆನಪಿಲ್ಲ, ಪ್ರತಿ ಸಲ ನೀವು ಕಳಿಸಿದ್ದಷ್ಟೇ ಅದಕ್ಕೆ ಗೊತ್ತು. ರೈತ ಅರ್ಧಕ್ಕೆ ನಿಲ್ಲಿಸಿ "ಎರಡನೇದು ಹೇಳಿದ್ಯಲ್ಲ ಅದು ಮಾಡಿದೆ, ಮುಂದೆ?" ಅಂತ ಕೇಳಿದರೆ ಅದು ಯಾವ ಎರಡನೇದು ಅಂತ ತಬ್ಬಿಬ್ಬಾಗುತ್ತದೆ.


ಪೋರ್ಟ್_8443:

ಎಲ್ಲರೂ ದೊಡ್ಡ ದೊಡ್ಡದು ಹೇಳಿದ್ದಾರೆ, ನಾನು ಬಾಗಿಲು ನೋಡುವವನು. ಲ್ಯಾಪ್‌ಟಾಪ್‌ನಿಂದ ಸರ್ವರಿಗೆ ಹಾಕಿದಾಗ ನಿಮಗೆ ಒಂದು 403 (ಪ್ರವೇಶ ಇಲ್ಲ) ಬಂದಿರಬೇಕು, ನೀವು ಅಲೋಡ್ ಒರಿಜಿನ್ಸ್‌ಗೆ (ಯಾವ ಸೈಟಿನಿಂದ ಕೂಡಬಹುದು ಅನ್ನುವ ಪಟ್ಟಿ) ಯಾರಾದರೂ ಬರಲಿ ಅನ್ನುವ ನಕ್ಷತ್ರ ಹಾಕಿ ಮುಂದೆ ಹೋಗಿರಬೇಕು. ಎಲ್ಲರೂ ಹಾಗೇ ಮಾಡುವುದು. ತೆಗೆಯಿರಿ ಅದನ್ನು. ವೆಬ್‌ಸಾಕೆಟ್ ಕೂಡುವಾಗ ಬ್ರೌಸರ್ ಬೇರೆ ಸೈಟಿನಿಂದ ಬಂದ ಕೋರಿಕೆಯನ್ನು ಸಾಮಾನ್ಯ ರಿಕ್ವೆಸ್ಟಿನಂತೆ ತಡೆಯುವುದಿಲ್ಲ. ಲಾಗಿನ್ ಕುಕೀಯಲ್ಲಿದ್ದರೆ ಯಾವುದೋ ಬೇರೆ ಪುಟ ನಿಮ್ಮ ಬಳಕೆದಾರರ ಹೆಸರಿನಲ್ಲಿ ಬಾಟ್ ಜೊತೆ ಮಾತಾಡಬಹುದು. ನಿಮ್ಮ ಸೈಟಿನ ಹೆಸರನ್ನಷ್ಟೇ ಬರೆಯಿರಿ.

ಬ್ರೌಸರಿನ ವೆಬ್‌ಸಾಕೆಟ್‌ಗೆ ಬೇಕಾದ ಹೆಡರ್ ಸೇರಿಸಲು ಬರಲ್ಲ, ಅದಕ್ಕೆ ಜನ ಲಾಗಿನ್ ಗುರುತಾದ ಟೋಕನ್ನನ್ನು ವಿಳಾಸದ ಬಾಲಕ್ಕೆ ಅಂಟಿಸುತ್ತಾರೆ. ಅದು ಎಂಜಿನ್‌ಎಕ್ಸ್ ಲಾಗ್‌ನಲ್ಲಿ ಹಾಗೇ ಬಿದ್ದಿರುತ್ತದೆ. ಬದಲಿಗೆ ಕೂಡಿದ ಮೇಲೆ ಮೊದಲ ಮೆಸೇಜಿನಲ್ಲಿ ಟೋಕನ್ ಕಳಿಸಿ, ಕೆಲವು ಸೆಕೆಂಡಿನಲ್ಲಿ ಬರದಿದ್ದರೆ 1008 (ನಿಯಮ ಮೀರಿದೆ ಅನ್ನುವ ಕೋಡ್) ಹಾಕಿ ಮುಚ್ಚಿ.

ಹೊಲದಲ್ಲಿ ನಿಂತವರಿಗೆ ಸಿಗ್ನಲ್ ಹೋಗಿ ಬಂದು ಮಾಡುತ್ತದೆ. ಪ್ರತಿ ಸಲ ಹೊಸ ಸೆಷನ್, ಹೊಸ ಸೆಷನ್ ಐಡಿ. ನೀವು ಇತಿಹಾಸವನ್ನು ಸೆಷನ್ ಐಡಿಗೆ ಕಟ್ಟಿದ್ದರೆ ಬಾವಿಯ ಈ ಕಡೆ ಕೇಳಿದ್ದು ಆ ಕಡೆಗೆ ಹೋಗುವಷ್ಟರಲ್ಲಿ ಮರೆತಿರುತ್ತದೆ. ಮಾತುಕತೆಗೇ ಒಂದು ಐಡಿ ಕೊಟ್ಟು ಮೊಬೈಲಿನಲ್ಲಿ ಉಳಿಸಿ. ಪ್ರತಿ ತುಂಡಿಗೂ ನಂಬರ್ ಹಾಕಿ, ಮತ್ತೆ ಕೂಡಿದಾಗ "ನನ್ನ ಹತ್ತಿರ 41ರ ತನಕ ಇದೆ" ಅಂತ ಮೊಬೈಲ್ ಹೇಳಲಿ, ಸರ್ವರ್ 42ರಿಂದ ಕೊಡಲಿ. ಇದಕ್ಕೆ ಕನೆಕ್ಷನ್ ಮುಚ್ಚಿದ ತಕ್ಷಣ ಕೆಲಸ ಕೊಲ್ಲಬಾರದು. ಅರ್ಧ ನಿಮಿಷವಾದರೂ ಕಾಯಿರಿ.


ಸ್ಟಾರ್ಟರ್_ಹುಬ್ಬಳ್ಳಿ:

ಕೊನೆಯ ಸುದ್ದಿ. ಒಳಗಿನ ಸ್ಟ್ರೀಮ್ ಮುಚ್ಚಿದೆ, ಫ್ಯೂಚರನ್ನೂ ಕ್ಯಾನ್ಸಲ್ ಮಾಡಿದೆ. ಈಗ ಮೂರು ಚುಕ್ಕಿ ಕುಣಿಯುವಾಗ ಒತ್ತಿದರೂ ಟಪ್ ಅಂತ ನಿಲ್ಲುತ್ತದೆ. ನಕ್ಷತ್ರ ಇತ್ತು, ಹೌದು, ತೆಗೆದೆ. ನಂಬರ್ ಹಾಕುವ ಕೆಲಸ ಇನ್ನೂ ಅರ್ಧ ಆಗಿದೆ, ಇತಿಹಾಸ ಮಾತ್ರ ಸೆಷನ್ನಿನಿಂದ ಬಿಡಿಸಿದ್ದೇನೆ.

ನಿನ್ನೆ ಮತ್ತೆ ಡೆಮೊ ಇತ್ತು. ಹೋದ ಸಲ ಬಂದವರೇ ಬಂದಿದ್ದರು. ಪ್ರಶ್ನೆ ಹಾಕಿ, ಎರಡು ಸಾಲು ಬರುವ ಮುಂಚೆ ಬೇಕಂತಲೇ ನಿಲ್ಲಿಸು ಒತ್ತಿದರು. ನಿಂತಿತು. ಇನ್ನೊಂದು ಸಲ ಹಾಕಿ ಒತ್ತಿದರು. ನಿಂತಿತು. ಹತ್ತು ನಿಮಿಷ ಉತ್ತರ ಓದದೆ ಬರೀ ನಿಲ್ಲಿಸುವುದನ್ನೇ ಆಡಿದರು. ಆಮೇಲೆ ಕೇಳಿದರು, ನಮ್ಮ ರೈತರಲ್ಲಿ ಟೈಪ್ ಮಾಡದವರು ಬಹಳ ಇದ್ದಾರೆ, ಮಾತಾಡಿದರೆ ಕೇಳಿಸಿಕೊಂಡು ಮಾತಿನಲ್ಲೇ ಉತ್ತರ ಕೊಡುವ ಹಾಗೆ ಆಗಲ್ವಾ ಅಂತ.


ಸರಳ_ಮಾರ್ಗ:

ಧ್ವನಿ ಎರಡೂ ಕಡೆಯಿಂದ ಹರಿಯಬೇಕು ಅಂದರೆ ಎಸ್‌ಎಸ್‌ಇಯಲ್ಲಿ ಆಗಲ್ಲ. ಕೊಡಲಿ ಇಟ್ಟುಕೊಳ್ಳಿ, ಸೊಳ್ಳೆಯ ಮಾತು ವಾಪಸ್ ತಗೊಂಡೆ. ಆಡಿಯೊ ಹೊರುವ ಬೈನರಿ ಫ್ರೇಮ್ ಬಗ್ಗೆ ಬೇರೆ ಪ್ರಶ್ನೆ ಹಾಕಿ, ಇಲ್ಲಿ ಬೇಡ. ಟಾಮ್‌ಕ್ಯಾಟ್ ಒಳಬರುವ ಮೆಸೇಜಿಗೆ ಇಟ್ಟಿರುವ ಬಫರ್ 8192 ಬೈಟ್ ಮಾತ್ರ, ಅದಕ್ಕಿಂತ ದೊಡ್ಡ ಆಡಿಯೊ ತುಂಡು ಬಂದರೆ 1009 (ಮೆಸೇಜ್ ತೀರಾ ದೊಡ್ಡದು ಅನ್ನುವ ಕೋಡ್) ಹಾಕಿ ಬಾಗಿಲು ಮುಚ್ಚುತ್ತದೆ. ಅಲ್ಲಿಂದಲೇ ಶುರು ಮಾಡಿ.